ಸ್ವಂತ ವಾಸದ ಮನೆಗೆ ತೆರಿಗೆ ಏಕೆ ಕಡಿಮೆ?



ನಿಮ್ಮ ಮನೆಯ ಬೀರುವಿನಲ್ಲಿ ಕ್ರಯಪತ್ರದ ಜೊತೆಗೆ ಮನೆ ಕಂದಾಯದ ರಸೀದಿಗಳೂ ಇರುತ್ತವೆ. ಹಿರಿಯರ ಅನುಮತಿ ಪಡೆದು ಒಮ್ಮೆ ತೆಗೆದು ನೋಡಿ. ಬಾಡಿಗೆ ಮನೆಯಲ್ಲಿರುವವರಿಗೆ ಆ ರಸೀದಿ ಸಿಗದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆದಾಯ ತೆರಿಗೆಯನ್ನು ಕೈಗೆ ಬಂದ ಹಣದಲ್ಲಿ ಕಟ್ಟುತ್ತೇವೆ. ಆಸ್ತಿ ತೆರಿಗೆ ಹಾಗಲ್ಲ. ನಾವೇ ವಾಸವಿರುವ ಮನೆಯಿಂದ ತಿಂಗಳಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಆದರೂ ಅದರ ತೆರಿಗೆಯನ್ನು ನಗದಿನಲ್ಲೇ ಕಟ್ಟಬೇಕು. ನಿವೃತ್ತ ಶಿಕ್ಷಕರೊಬ್ಬರು ಊರಾಚೆ ಮನೆ ಕಟ್ಟಿದ್ದರೆನ್ನಿ. ಮೂವತ್ತು ವರ್ಷಗಳಲ್ಲಿ ಊರೇ ಅವರ ಬಾಗಿಲಿಗೆ ಬಂತು, ನಿವೇಶನದ ಬೆಲೆ ಗಗನಕ್ಕೇರಿತು. ಮನೆ ಮಾರುವವರೆಗೆ ಆ ಬೆಲೆಯಿಂದ ಅವರ ಪಿಂಚಣಿಗೇನೂ ಕೂಡುವುದಿಲ್ಲ. ವಾಸದ ಮನೆಗೆ ರಿಯಾಯಿತಿ ಕೊಡುವುದರ ಮೂಲ ಇಲ್ಲಿದೆ.

ಅಮೆರಿಕದ ಫ್ಲಾರಿಡಾ ರಾಜ್ಯವನ್ನು ನೋಡಿ. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1934ರಲ್ಲಿ, ಅಲ್ಲಿನ ಮತದಾರರು ವಾಸದ ಮನೆಯ ಮೌಲ್ಯದಲ್ಲಿ 5,000 ಡಾಲರಿನವರೆಗೆ ತೆರಿಗೆ ಬೇಡವೆಂದು ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದರು. ಆ ಮಿತಿ ಮುಂದೆ ಹಲವು ಬಾರಿ ಏರಿದೆ. ಜನವರಿ 1ರಂದು ಆ ಮನೆಯೇ ಮಾಲೀಕನ ಕಾಯಂ ವಾಸಸ್ಥಳವಾಗಿರಬೇಕು. ಚಳಿಗಾಲ ಕಳೆಯಲು ಬಂದುಹೋಗುವವರ ಎರಡನೆಯ ಮನೆಗೆ ಈ ಸೌಲಭ್ಯವಿಲ್ಲ. ಅಂದರೆ ರಿಯಾಯಿತಿ ಒಡೆತನಕ್ಕಲ್ಲ, ವಾಸಕ್ಕೆ.

ನಮ್ಮ ಬೆಂಗಳೂರಿನಲ್ಲೂ ಇದೇ ಭೇದವಿದೆ. 2008ರಲ್ಲಿ ಮಹಾನಗರ ಪಾಲಿಕೆಯು ಚದರಡಿ ಮೌಲ್ಯದ ಪದ್ಧತಿ ತಂದಾಗ ನಗರವನ್ನು ಆರು ವಲಯಗಳಾಗಿ ವಿಂಗಡಿಸಿತು. ಅತಿ ದುಬಾರಿ ವಲಯದಲ್ಲಿ ತಾರಸಿ ಮನೆಗೆ ತಿಂಗಳಿಗೆ ಚದರಡಿಗೆ ಬಾಡಿಗೆಯದಾದರೆ 5 ರೂಪಾಯಿ, ಸ್ವಂತ ವಾಸದ್ದಾದರೆ 2.50 ರೂಪಾಯಿ ಎಂದು ನಿಗದಿಯಾಯಿತು. ದರಗಳು ಆಮೇಲೆ ಏರಿವೆ. ಲೆಕ್ಕ ತಿಳಿಯಲು ಅಂದಿನ ದರವೇ ಸಾಕು. 1,000 ಚದರಡಿಯ ಸ್ವಂತ ವಾಸದ ಮನೆ ಎನ್ನಿ. 2.50ರಂತೆ ಹತ್ತು ತಿಂಗಳಿಗೆ 25,000 ರೂಪಾಯಿ. ಅದರ ಶೇಕಡಾ 20, ಎಂದರೆ 5,000 ರೂಪಾಯಿ ತೆರಿಗೆ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಉಪಕರ ಸೇರಿಸುವ ವಿಚಾರ ಬೇರೆ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ 10,000.

ಮನೆ ಯಾವ ಬಗೆಯದೆಂದು ಬರೆದುಕೊಡುವವರು ಮಾಲೀಕರೇ. ಈ ಸ್ವಯಂಘೋಷಣೆ 2000ದಿಂದ ನಡೆದುಬಂದಿದೆ. ಕೆಳಗೆ ತಾವಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟವರು ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಇಡೀ ಮನೆ ಸ್ವಂತ ವಾಸಕ್ಕೆಂದು ಬರೆದು, 'ಯಾರಾದರೂ ಕೇಳಿದರೆ ನೆಂಟರು ಎನ್ನಿ' ಎಂದು ಬಾಡಿಗೆದಾರರಿಗೆ ಪಾಠ ಹೇಳಿಕೊಡುವ ಜಾಣರೂ ಉಂಟು! ಸಿಕ್ಕಿಬಿದ್ದರೆ ವ್ಯತ್ಯಾಸದ ಜೊತೆಗೆ ದಂಡ, ಬಡ್ಡಿ ಎರಡೂ ಬೀಳುತ್ತವೆ.

ಇನ್ನು ಬಾಡಿಗೆದಾರರ ವಿಷಯ. ರಿಯಾಯಿತಿಯಿಂದ ಕಡಿಮೆಯಾದ ಹಣವನ್ನು ಪಾಲಿಕೆ ಬೇರೆ ಕಡೆಯಿಂದ ತುಂಬಿಕೊಳ್ಳಲೇಬೇಕು. ಬಾಡಿಗೆ ಮನೆಯ ಇಮ್ಮಡಿ ತೆರಿಗೆಗೆ ರಸೀದಿ ಮಾಲೀಕರ ಹೆಸರಿನಲ್ಲಿರುತ್ತದೆ; ಹೊರೆಯ ಒಂದು ಪಾಲಾದರೂ ಬಾಡಿಗೆಯಲ್ಲಿ ಸೇರಿಹೋಗುತ್ತದೆ. ಸ್ವಂತ ಮನೆ ಕಟ್ಟುವ ಶಕ್ತಿ ಇಲ್ಲದವನ ಹೆಗಲಿಗೇ ಅದು ಬೀಳುತ್ತದಲ್ಲ! ಆದ್ದರಿಂದ ರಿಯಾಯಿತಿಗೆ ಮಾಲೀಕನ ವಾಸವೊಂದನ್ನೇ ಅಳತೆಗೋಲು ಮಾಡುವುದು ನನಗೆ ಅಷ್ಟು ಸರಿಕಾಣದು. ಮನೆಯ ಗಾತ್ರವನ್ನೂ ನೋಡಬಹುದಿತ್ತು. ಊರು ಬಿಟ್ಟು ಬಂದು, ನಾಲ್ವರು ಗೆಳೆಯರು ಸೇರಿ ಕೊಠಡಿ ಹಿಡಿದು ಕಾಲೇಜಿಗೆ ಹೋಗುವ ನಿಮ್ಮಲ್ಲಿ ಕೆಲವರು ಪ್ರತಿ ತಿಂಗಳೂ ಕೊಡುವ ಬಾಡಿಗೆಯಲ್ಲಿ ಆ ಬೀದಿಯ ದೀಪದ ಖರ್ಚೂ ಸೇರಿರುತ್ತದೆ.