ಮೊದಲ ಸ್ಮಾರ್ಟ್‌ಫೋನುಗಳು ಯಾರನ್ನು ಕಾಯಿಸಿದವು?

(ಉಪ್ಪಲ್‌ನಲ್ಲಿ ನಡೆದ ಭಾನುವಾರದ ಮಾತುಕತೆಯ ಬರಹರೂಪ. ವಿಡಿಯೋದಲ್ಲಿದ್ದ ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಭಾನುವಾರ ಬೆಳಿಗ್ಗೆ, ಅದೂ ಸ್ಟೇಡಿಯಂನಲ್ಲಿ ಮ್ಯಾಚ್ ಇಲ್ಲದ ದಿನ, ಉಪ್ಪಲ್‌ನಲ್ಲಿ ಇಷ್ಟು ಜನ ಕನ್ನಡದವರು ಒಂದೆಡೆ ಸೇರಿದ್ದು ನೋಡಿ ಖುಷಿ ಆಯ್ತು. ನಾನು ರಾಯಚೂರಿನವನು. ಎಂಟೆಕ್ ಮುಗಿಸಿ ಇಲ್ಲಿಗೆ ಬಂದು ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೀನಿ. ನಮ್ಮ ಕೆಲಸದ ತಿರುಳು ಏನಂದ್ರೆ, ಬಳಸೋರಿಗೆ ಹತ್ತು ಬೇಕು, ಈ ಸಲದ ಬಿಡುಗಡೆಯಲ್ಲಿ ನಾಲ್ಕು ಕೊಡ್ಲಿಕ್ಕೆ ಆಗ್ತದೆ. ಉಳಿದ ಆರನ್ನ 'ಮುಂದಿನ ಹಂತ' ಅಂತ ಪಟ್ಟಿಯ ಕೆಳಗೆ ತಳ್ತೀವಿ. ಇವತ್ತು ಆ 'ಮುಂದಿನ ಹಂತ'ದ ಬಗ್ಗೆ ಮಾತಾಡ್ತೀನಿ. ಸ್ಮಾರ್ಟ್‌ಫೋನು ಹುಟ್ಟಿದ ಹೊಸದರಲ್ಲಿ ಯಾರ ನಿರೀಕ್ಷೆ ಮೊದಲ ಹಂತಕ್ಕೆ ಬಂತು, ಯಾರದ್ದು ಮುಂದಕ್ಕೆ ಹೋಯ್ತು ಅನ್ನೋದು ಇವತ್ತಿನ ವಿಷಯ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ರಾಜಿ ಇಲ್ಲದೆ ಫೋನು ಮಾಡ್ಲಿಕ್ಕೆ ಆಗೋದಿಲ್ಲ. ದೊಡ್ಡ ಪರದೆ ಹಾಕಿದ್ರೆ ಬ್ಯಾಟರಿ ಬೇಗ ಇಳೀತದೆ. ದೊಡ್ಡ ಬ್ಯಾಟರಿ ಹಾಕಿದ್ರೆ ತೂಕ. ವೇಗದ ಪ್ರೊಸೆಸರ್ ಹಾಕಿದ್ರೆ ಬಿಸಿ. ಎಲ್ಲಾ ಹಾಕಿದ್ರೆ ಬೆಲೆ. ಟಚ್‌ಸ್ಕ್ರೀನನ್ನೇ ತಗೊಳ್ರಿ. ಹಳೆಯ ರೆಸಿಸ್ಟಿವ್ ಪರದೆಯಲ್ಲಿ ಎರಡು ಪದರ ಇರ್ತವೆ, ಒತ್ತಿದಾಗ ಒಂದಕ್ಕೊಂದು ತಾಗ್ತವೆ. ಕಡ್ಡಿಯಿಂದ ಒತ್ತಿದ್ರೂ ಸರಿ, ಉಗುರಿನಿಂದ ಒತ್ತಿದ್ರೂ ಸರಿ, ಬೆಲೆಯೂ ಕಡಿಮೆ. ಆದ್ರೆ ಗಟ್ಟಿಯಾಗಿ ಒತ್ತಬೇಕು, ಎರಡು ಬೆರಳಿನ ಆಟ ನಡೆಯೋದಿಲ್ಲ. ಕೆಪಾಸಿಟಿವ್ ಪರದೆ ಬೆರಳಿನ ವಿದ್ಯುತ್ ಗುಣವನ್ನ ಗುರುತಿಸ್ತದೆ. ಮುಟ್ಟಿದ್ರೆ ಸಾಕು. ಆದ್ರೆ ಬೆಲೆ ಹೆಚ್ಚು, ಕೈ ಒದ್ದೆ ಇದ್ರೆ ತಕರಾರು. ಎರಡೂ ರಾಜಿಗಳೇ. ಪ್ರಶ್ನೆ ಇಷ್ಟೇ: ಯಾರನ್ನ ಮನಸ್ಸಿನಲ್ಲಿ ಇಟ್ಕೊಂಡು ಮಾಡಿದ ರಾಜಿ?

ಈ ಪ್ರಶ್ನೆಗೆ ಉತ್ತರ ಹುಡುಕ್ಲಿಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗೋದು ಬೇಡ. ಬೆಂಗಳೂರಿಗೆ ಹೋದ್ರೆ ಸಾಕು. 1998ರಲ್ಲಿ ಅಲ್ಲಿ ಹಿಂದುಳಿದ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಅಂತ ಒಂದು ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೀತು. ಅಲ್ಲಿಂದ ಹುಟ್ಟಿದ ಯೋಚನೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿನ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತಿತರರು ಸೇರಿ ಟ್ರಸ್ಟ್ ಕಟ್ಟಿದ್ರು. 2001ರ ಏಪ್ರಿಲ್‌ನಲ್ಲಿ ಮಾದರಿ ಸಿದ್ಧವಾಗಿ ಜನರ ಮುಂದೆ ಬಂತು. ನೆನಪಿಡ್ರಿ, ಮೊದಲ ಐಫೋನ್‌ಗಿಂತ ಆರು ವರ್ಷ ಮುಂಚೆ.

ಅಂಗೈಯಲ್ಲಿ ಹಿಡಿಯೋ ಸಾಧನ. 320 ಗುಣಿಲೆ 240 ಚುಕ್ಕಿಗಳ ಕಪ್ಪು-ಬಿಳುಪು ಟಚ್‌ಸ್ಕ್ರೀನ್. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್. ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಪರವಾನಗಿ. ಗುರಿ ಇಟ್ಟುಕೊಂಡಿದ್ದ ಬೆಲೆ ಸುಮಾರು 200 ಡಾಲರ್, ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರ ರೂಪಾಯಿ ಆಸುಪಾಸು.

ಅವರು ಮಾಡಿದ ರಾಜಿಗಳನ್ನ ನೋಡ್ರಿ. ಬಣ್ಣ ಬಿಟ್ರು, ಕೀಬೋರ್ಡ್ ಬಿಟ್ರು. ಆದ್ರೆ ಭಾಷೆ ಬಿಡಲಿಲ್ಲ. ಓದ್ಲಿಕ್ಕೆ ಬಾರದವರಿಗೆ ಪಠ್ಯವನ್ನ ಓದಿ ಹೇಳೋ ವ್ಯವಸ್ಥೆ ಇತ್ತು. 'ಧ್ವನಿ' ಅಂತ ಅದರ ಹೆಸರು, ಕನ್ನಡದಲ್ಲೂ ಮಾತಾಡ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಸಾಧನ ಕೊಳ್ಳೋ ಶಕ್ತಿ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ಸ್ಮಾರ್ಟ್‌ಕಾರ್ಡ್ ಹಾಕೋ ಜಾಗ ಇಟ್ರು. ಊರಿಗೆ ಒಂದು ಸಾಧನ, ಮನೆಗೆ ಒಂದು ಕಾರ್ಡ್. ಕಾರ್ಡ್ ಹಾಕಿದ್ರೆ ನಿಮ್ಮ ಮಾಹಿತಿ, ತೆಗೆದ್ರೆ ಇನ್ನೊಬ್ಬರ ಪಾಳಿ. ಪಟ್ಟಿಯ ಮೇಲಿನ ಸಾಲಿನಲ್ಲಿ ಹಳ್ಳಿಯ ಮನುಷ್ಯನನ್ನ ಇಟ್ಟು, ಉಳಿದದ್ದನ್ನ ಕೆಳಗೆ ತಳ್ಳಿದ ವಿನ್ಯಾಸ ಅದು. ಆ ವರ್ಷ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬ್ರೂಸ್ ಸ್ಟರ್ಲಿಂಗ್ ಕಂಪ್ಯೂಟರ್ ಲೋಕದ ಮುಖ್ಯ ಆವಿಷ್ಕಾರ ಅಂತ ಇದನ್ನೇ ಎತ್ತಿ ಹಿಡಿದ್ರು.

ಮತ್ತೆ ಯಾಕೆ ನಮ್ಮ ನಿಮ್ಮ ಜೇಬಿನಲ್ಲಿ ಸಿಂಪ್ಯೂಟರ್ ಇಲ್ಲ?

ಮಾದರಿ ಬಂದಿದ್ದು 2001ರಲ್ಲಿ. ಪಿಕೋಪೆಟಾ ಕಂಪನಿಯ ಅಮಿಡಾ ಸಿಂಪ್ಯೂಟರ್, ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಿದ್ದು 2004ರ ಮಾರ್ಚ್‌ನಲ್ಲಿ. ಅದರಲ್ಲಿ ಅಲುಗಾಟ ಗುರುತಿಸೋ ಸೆನ್ಸರ್ ಕೂಡ ಇತ್ತು, ಓರೆ ಮಾಡಿ ಗೋಲಿ ಆಡಬಹುದಿತ್ತು! ಆದ್ರೆ ನಡುವಿನ ಮೂರು ವರ್ಷದಲ್ಲಿ ದೇಶ ಬದಲಾಗಿತ್ತು. 2003ರ ಮೇ ತಿಂಗಳಿಂದ ಮೊಬೈಲ್‌ಗೆ ಬರೋ ಕರೆಗಳು ಉಚಿತ ಆದವು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿದ್ರೆ ಫೋನ್ ಕೈಗೆ ಕೊಡ್ತು. ಅದೇ ವರ್ಷ ನೋಕಿಯಾ 1100 ಬಂತು, ತಲೆಯ ಮೇಲೆ ಟಾರ್ಚು, ಧೂಳು ಹೋಗದ ಕೀಪ್ಯಾಡು. ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟ ಆದ ಫೋನು ಅದು. ಕರೆಂಟ್ ಹೋಗೋ ಊರಿನವರಿಗೆ ಆ ಟಾರ್ಚು ಯಾಕೆ ಬೇಕು ಅಂತ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಸಿಂಪ್ಯೂಟರಿನ ಒಳಗೆ ಸಿಮ್ ಇರಲಿಲ್ಲ. ಅಂದ್ರೆ ಅದು ಫೋನಾಗಿರಲಿಲ್ಲ. ಬೆಲೆ ಹತ್ತು ಸಾವಿರದಿಂದ ಶುರು. ಜನ ಮೊದಲು ಕೇಳಿದ್ದು ಮಾಹಿತಿ ಅಲ್ಲ, ಮಾತು. ಮಗ ಪುಣೆಯಲ್ಲಿ ಕೂಲಿಗೆ ಹೋಗ್ಯಾನ, ಅವನ ದನಿ ಕೇಳಬೇಕು. ಅದು ಸಿಕ್ಕಿದ ಮೇಲೆ ಉಳಿದದ್ದು. ಇನ್ನೊಂದು, 'ಊರಿಗೆ ಒಂದು' ಅನ್ನೋ ಲೆಕ್ಕ ಎಸ್‌ಟಿಡಿ ಬೂತಿನ ಕಾಲಕ್ಕೆ ಸರಿ. ಫೋನು ನನ್ನದೇ ಆಗಿರಬೇಕು ಅನ್ನೋ ಆಸೆ ಬಂದ ಕೂಡಲೇ ಆ ಲೆಕ್ಕ ಹಳೇದಾಯ್ತು. ಸಾವಿರಾರು ಸಂಖ್ಯೆಯಲ್ಲಿ ಮಾರಿ ಸಿಂಪ್ಯೂಟರ್ ನಿಂತುಹೋಯ್ತು. ಕರ್ನಾಟಕದಲ್ಲಿ ಭೂದಾಖಲೆ ಕೆಲಸಕ್ಕೆ ಒಂದಿಷ್ಟು ಬಳಕೆ ಆಯ್ತು, ಅಷ್ಟೇ.

ಇದರಿಂದ ನಾನು ಕಲಿಯೋ ಪಾಠ 'ಬಡವರಿಗಾಗಿ ಮಾಡಬೇಡಿ' ಅಂತಲ್ಲ. ಬಳಸೋರ ನಿರೀಕ್ಷೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ನೀವು ವಿನ್ಯಾಸ ಮಾಡ್ತಾ ಇರುವಾಗಲೇ ಅದು ನಡೀತಾ ಇರ್ತದೆ. ಇದು ಪಾಠ.

ಈಗ ಇನ್ನೊಂದು ಕಡೆ ನೋಡೋಣ. 2007ರ ಐಫೋನ್. ಇವತ್ತು ನಾವು ಅದನ್ನ ದೇವರ ಹಾಗೆ ನೆನೀತೀವಿ. ಅದರಲ್ಲಿ ಕಾಪಿ-ಪೇಸ್ಟ್ ಇರಲಿಲ್ಲ, ಬಂದಿದ್ದು 2009ರಲ್ಲಿ. ಆಪ್ ಸ್ಟೋರ್ ಇರಲಿಲ್ಲ. ಬಂದಿದ್ದು 2008ರ ಜುಲೈನಲ್ಲಿ. 3ಜಿ ಇರಲಿಲ್ಲ, ಆಗಿನ 3ಜಿ ಚಿಪ್ಪುಗಳು ಬ್ಯಾಟರಿ ತಿಂತವೆ ಅನ್ನೋದು ಸ್ಟೀವ್ ಜಾಬ್ಸ್ ಕೊಟ್ಟ ಕಾರಣ. ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಮೇಲಿನ ಕೀಬೋರ್ಡೇ ಇರಲಿಲ್ಲ, ಅದು 2009ರ ಏಪ್ರಿಲ್‌ನಲ್ಲಿ ಬಂತು. ಭಾರತದಲ್ಲಿ ಐಫೋನ್ 3ಜಿ ಬಂದಿದ್ದು 2008ರ ಆಗಸ್ಟ್‌ನಲ್ಲಿ, 8 ಜಿಬಿಯದ್ದಕ್ಕೆ 31,000 ರೂಪಾಯಿ. ತಮಾಷೆ ಏನಂದ್ರೆ ಆಗ ದೇಶದಲ್ಲಿ 3ಜಿ ಸೇವೆಯೇ ಇರಲಿಲ್ಲ. ಎಂಟಿಎನ್‌ಎಲ್ ದೆಹಲಿಯಲ್ಲಿ ಶುರು ಮಾಡಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಮದುವೆಗೆ ಮುಂಚೆ ತೊಟ್ಟಿಲು ತಂದ ಹಾಗೆ.

ಆದ್ರೂ ಜನ ಆ ಕೊರತೆಗಳನ್ನ ಸಹಿಸಿದ್ರು. ಯಾಕಂದ್ರೆ ಬೆರಳಿನಿಂದ ಸರಿಸಿದ್ರೆ ಸರಿಯೋ ಪರದೆ, ಪೂರ್ತಿ ಕಾಣೋ ವೆಬ್ ಪುಟ, ಇವೆರಡೂ ಮೊದಲ ದಿನವೇ ಸರಿಯಾಗಿ ಸಿಕ್ಕವು. ಉಳಿದದ್ದು ಬರ್ತದೆ ಅನ್ನೋ ನಂಬಿಕೆ ಇತ್ತು, ಬಂತು ಕೂಡ. ಕಾಪಿ-ಪೇಸ್ಟ್ ಕೇಳಿದವರು ಎರಡು ವರ್ಷ ಕಾದರು.

ಕನ್ನಡ ಕೇಳಿದವರು ಎಷ್ಟು ವರ್ಷ ಕಾದರು?

ನಾನು ಎಂಟೆಕ್ ಓದುವಾಗಿನ ಫೋನಿನಲ್ಲಿ ಕನ್ನಡ ಅಂದ್ರೆ ಚೌಕ ಚೌಕ ಡಬ್ಬಿಗಳು. ಯಾವ ಕಂಪನಿ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಆಗ ಹೆಚ್ಚಿನ ಫೋನುಗಳ ಕತೆ ಅದೇ. ಊರಿಗೆ ಹೋದಾಗ ನಮ್ಮವ್ವ ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ರೊಕ್ಕ ಕೊಟ್ಟಿ, ಇದಕ್ಕ ಕನ್ನಡ ಬರಂಗಿಲ್ಲೇನೋ?" ಅಂದಳು. ಅದಕ್ಕಿಂತ ಚೊಕ್ಕದಾದ ಯೂಸರ್ ಫೀಡ್‌ಬ್ಯಾಕ್ ನಾನು ಇವತ್ತಿನವರೆಗೂ ಕೇಳಿಲ್ಲ.

ಆ ಕಾಲದಲ್ಲಿ ಒಂದು ಉಪಾಯ ಬಾಯಿಂದ ಬಾಯಿಗೆ ಹರಡಿತ್ತು, ನಿಮಗೂ ನೆನಪಿರಬಹುದು. ಒಪೆರಾ ಮಿನಿ ಬ್ರೌಸರ್‌ನ ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಹೊಡೆದ್ರೆ ಒಂದು ಪಟ್ಟಿ ತೆರೀತಿತ್ತು. ಅದರಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕಾ ಅನ್ನೋ ಸಾಲಿಗೆ 'ಯೆಸ್' ಅನ್ನಬೇಕು. ಆಗ ಅವರ ಸರ್ವರ್ ಕನ್ನಡ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ಡೇಟಾ ಹೆಚ್ಚು ಖರ್ಚಾಗ್ತಿತ್ತು, ಅಕ್ಷರ ಅಷ್ಟು ನುಣುಪಾಗಿ ಕಾಣ್ತಿರಲಿಲ್ಲ. ಆದ್ರೆ ಕನ್ನಡ ಪತ್ರಿಕೆ ಓದಬಹುದಿತ್ತು. ಇದು ಬಳಸೋರ ಪರವಾಗಿ ಮಾಡಿದ ರಾಜಿ.

ಕನ್ನಡ ತೋರಿಸೋದು ಯಾಕೆ ಕಷ್ಟ? ಬರೀ ಫಾಂಟ್ ಸಾಲೋದಿಲ್ಲ. 'ಕರ್ನಾಟಕ' ಅನ್ನೋ ನಮ್ಮ ರಾಜ್ಯದ ಹೆಸರನ್ನೇ ತಗೊಳ್ರಿ. ಕಂಪ್ಯೂಟರಿನ ಒಳಗೆ ಅದು ಏಳು ಸಂಕೇತ: ಕ, ರ, ಹಲಂತ ಗುರುತು, ನ, ಆ-ಕಾರದ ಗುರುತು, ಟ, ಕ. ಉಚ್ಚಾರದಲ್ಲಿ ರ ಮೊದಲು, ನ ಆಮೇಲೆ. ಆದ್ರೆ ಬರೆಯುವಾಗ ಆ ರ ಅರ್ಕಾವತ್ತಾಗಿ 'ನಾ' ದಾಟಿ ಬಲಗಡೆಗೆ ಹೋಗಿ ಕೂಡ್ತದೆ. ತೆಲುಗು ಇಲ್ಲಿ ಬೇರೆ. ನಮ್ಮದೇ ಅಕ್ಕತಂಗಿ ಲಿಪಿ ಆದ್ರೂ ಈಗಿನ ತೆಲುಗಿನಲ್ಲಿ ರ ತನ್ನ ಜಾಗದಲ್ಲೇ ಇರ್ತದೆ, ಮುಂದಿನ ವ್ಯಂಜನ ಅದಕ್ಕೆ ಒತ್ತಾಗಿ ಬರ್ತದೆ. ಹಳೆಯ ತೆಲುಗಿನಲ್ಲಿ ನಮ್ಮ ಅರ್ಕಾವತ್ತಿನಂಥದ್ದೇ 'ವಲಪಲಗಿಲಕ' ಇತ್ತು, ಬಳಕೆ ತಪ್ಪಿತು. ಅಂದ್ರೆ ತೆಲುಗಿಗೆ ಮಾಡಿದ್ದನ್ನ ಹಾಗೇ ಕನ್ನಡಕ್ಕೆ ಅಂಟಿಸ್ಲಿಕ್ಕೆ ಆಗೋದಿಲ್ಲ. ಅಕ್ಷರಗಳನ್ನ ಹೀಗೆ ಸರಿಸಿ, ಕೂಡಿಸಿ, ಕೂರಿಸೋ ತಂತ್ರಾಂಶಕ್ಕೆ ಶೇಪಿಂಗ್ ಎಂಜಿನ್ ಅಂತಾರೆ. ಅದಿಲ್ಲದ ಫೋನಿನಲ್ಲಿ ಫಾಂಟ್ ಇದ್ದರೂ ನಮ್ಮ ರಾಜ್ಯದ ಹೆಸರು 'ಕರ್‌ನಾಟಕ' ಆಗ್ತಿತ್ತು.

ಕಷ್ಟ ನಿಜ, ಆದ್ರೆ ಅಸಾಧ್ಯ ಅಲ್ಲ. ಸಿಂಪ್ಯೂಟರ್ ಅದನ್ನ ತೋರಿಸಿಕೊಟ್ಟಿತ್ತು. 2001ರ ಆ ಸಣ್ಣ ಪ್ರೊಸೆಸರ್ ಮೇಲೆ ನಮ್ಮ ಭಾಷೆ ನಡೀತಿತ್ತು. ಕೆಲವು ತಯಾರಕರು ತಮ್ಮ ತಮ್ಮ ಫೋನುಗಳಿಗೆ ತಾವೇ ಭಾರತೀಯ ಲಿಪಿ ಸೇರಿಸಿಕೊಂಡಿದ್ರು, ಆದ್ರೆ ಆಂಡ್ರಾಯ್ಡ್‌ನಲ್ಲೇ ಕನ್ನಡ ಅಕ್ಷರ ಮೂಡಿದ್ದು 2012ರ 4.1, ಜೆಲ್ಲಿ ಬೀನ್‌ನಲ್ಲಿ. ಮೆನು ಕನ್ನಡ ಆಗಿದ್ದು 2014ರ ಲಾಲಿಪಾಪ್‌ನಲ್ಲಿ. ಹನ್ನೊಂದು, ಹದಿಮೂರು ವರ್ಷ. ಇದನ್ನ 'ಆಗ ತಂತ್ರಜ್ಞಾನ ಇರಲಿಲ್ಲ' ಅಂತ ಹೇಳಿದ್ರೆ ನಾನು ಒಪ್ಪೋದಿಲ್ಲ. ತಂತ್ರಜ್ಞಾನ ಇತ್ತು, ಪಾಳಿ ಬಂದಿರಲಿಲ್ಲ.

ಆಮೇಲೆ ಸರ್ಕಾರವೂ ಬಂತು. ಐಎಸ್ 16333 ಅನ್ನೋ ಮಾನದಂಡದ ಪ್ರಕಾರ ಭಾರತದಲ್ಲಿ ಮಾರೋ ಫೋನಿನಲ್ಲಿ 22 ಭಾಷೆಗಳ ಸಂದೇಶ ಓದ್ಲಿಕ್ಕೆ ಬರಬೇಕು. ಟೈಪ್ ಮಾಡ್ಲಿಕ್ಕೆ ಮಾತ್ರ ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾಷೆ ಸಾಕು. ನೋಡಿದ್ರಾ, ಆ ನಿಯಮದೊಳಗೂ ಒಂದು ರಾಜಿ ಅದೆ. ಓದೋ ಹಕ್ಕು ಎಲ್ಲರಿಗೂ, ಬರೆಯೋ ಹಕ್ಕಿಗೆ ಮತ್ತೆ ಪಾಳಿ.

(ಸಭೆಯಿಂದ ಒಬ್ಬರು: ಈಗ ಮೈಕ್ ಒತ್ತಿ ಮಾತಾಡಿದ್ರೆ ಸಾಕಲ್ರಿ, ಲಿಪಿ ಬಗ್ಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು?)

ಒಳ್ಳೆ ಪ್ರಶ್ನೆ ಮೇಡಂ. ಮಾತು ಬಹಳ ಜನಕ್ಕೆ ಬಾಗಿಲು ತೆರೆದಿದೆ, ನಮ್ಮವ್ವನೂ ಮೈಕ್ ಒತ್ತಿಯೇ ಭಜನೆ ಹುಡುಕೋದು. ಆದ್ರೆ ಮಾತು ಹಾರಿಹೋಗ್ತದೆ, ಬರಹ ನಿಲ್ತದೆ. ಪಹಣಿಯಲ್ಲಿ ಹೆಸರು ಸರಿ ಇದೆಯಾ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಸಾಲದ ಕಂತು ಎಷ್ಟು ಬಾಕಿ, ಇವನ್ನ ಎರಡನೇ ಸಲ ನೋಡಬೇಕಾಗ್ತದೆ, ಇನ್ನೊಬ್ಬರಿಗೆ ತೋರಿಸಬೇಕಾಗ್ತದೆ. ಮತ್ತೆ ಯಾವ ಕನ್ನಡ ಅನ್ನೋದೂ ಇದೆ. ನಮ್ಮವ್ವ "ಊರಿಗೆ ಹೊಂಟೀನಿ" ಅಂತಾಳೆ. ವಾರ್ತೆಯ ಕನ್ನಡ ಕಲಿತ ಯಂತ್ರ ಅದನ್ನ ಏನಂತ ಬರ್ಕೊಳ್ತದೋ! ಅಲ್ಲೂ ಒಂದು ಪಾಳಿ ನಡೀತಾ ಇದೆ.

ನಮ್ಮಲ್ಲಿ ಅರ್ಧ ಜನ ಇದೇ ಕಸುಬಿನವರು ಅಂತ ಗೊತ್ತು, ಅದಕ್ಕೆ ಒಂದು ಕೆಲಸ ಹೇಳಿ ಮುಗಿಸ್ತೀನಿ. ಫೋನಿನ ಪರದೆಯಲ್ಲಿ ಕನ್ನಡ ಸರಿಹೋಯ್ತು ಅಂತ ನಾವು ಸಮಾಧಾನ ಪಟ್ಟುಕೊಂಡಿದ್ದೀವಿ. ನೀವು ಕಟ್ಟೋ ಆಪ್‌ನಲ್ಲಿ 'ಕರ್ನಾಟಕ' ಅಂತ ಟೈಪ್ ಮಾಡಿ, ಅದರಿಂದ ಪಿಡಿಎಫ್ ರಸೀದಿ ತೆಗೀರಿ. ಅಂಗಡಿಯ ಸಣ್ಣ ಬಿಲ್ ಪ್ರಿಂಟರ್‌ಗೆ ಕಳಿಸಿ ನೋಡ್ರಿ. ಪಿಡಿಎಫ್ ಮಾಡೋ ಎಷ್ಟೋ ಲೈಬ್ರರಿಗಳಲ್ಲಿ ಶೇಪಿಂಗ್ ಇಲ್ಲ, ಅರ್ಕಾವತ್ತು ಇವತ್ತೂ ಮುರಿದು ಬೀಳ್ತದೆ. ಬಿಲ್ ಪ್ರಿಂಟರ್‌ಗಳಲ್ಲಿ ಕನ್ನಡವನ್ನ ಚಿತ್ರ ಮಾಡಿ ಕಳಿಸಬೇಕಾಗ್ತದೆ, ಆವತ್ತು ಒಪೆರಾ ಮಿನಿ ಮಾಡಿದ ಹಾಗೆ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಜನರ ಕೈಗೆ ಹೋಗೋದು ಆ ಚೀಟಿ. ಪರದೆ ನಮಗೆ ಕಾಣ್ತದೆ, ಚೀಟಿ ಅವರಿಗೆ.

ನಮ್ಮ ಟೀಮಿನ ಪಟ್ಟಿಯಲ್ಲಿ 'ಪ್ರಾದೇಶಿಕ ಭಾಷೆ: ಮುಂದಿನ ಹಂತ' ಅನ್ನೋ ಸಾಲು ಬಂದಾಗಲೆಲ್ಲ ನಾನು ಕೇಳೋದು ಎರಡೇ ಮಾತು. ಅಲ್ಲಿಯವರೆಗೆ ಅವರು ಏನು ಬಳಸ್ತಾರೆ? ಮುಂದಿನ ಹಂತದ ತಾರೀಖು ಯಾವುದು? ತಾರೀಖು ಬರೆದ್ರೆ ಅದು ರಾಜಿ. ತಾರೀಖೇ ಇಲ್ಲ ಅಂದ್ರೆ ಅದು 'ಇಲ್ಲ' ಅನ್ನೋದನ್ನ ಮರ್ಯಾದೆಯಾಗಿ ಹೇಳಿದ್ದು.

ಹೊರಗೆ ಚಹಾ ಇಟ್ಟಿದ್ದಾರೆ, ಉಳಿದ ಪ್ರಶ್ನೆ ಅಲ್ಲೇ ಮಾತಾಡೋಣ. ನಿಮ್ಮ ಫೋನಿನಲ್ಲಿರೋ ಯಾವುದಾದ್ರೂ ರಸೀದಿಯಲ್ಲಿ ಅರ್ಕಾವತ್ತು ಮುರಿದಿದ್ರೆ ತೋರಿಸ್ರಿ, ನಾನು ಕೂಡಿಸಿ ಇಡ್ತಾ ಇದ್ದೀನಿ.