ಹಾಲಿನ ಬಾಟಲಿಗಿಂತ ಮೊದಲು



1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ ಪೆಟ್ರೀಷಿಯಾ ಹಂಟ್ ಇಲಿಗಳ ಅಂಡಾಣುಗಳನ್ನು ಪರೀಕ್ಷಿಸುತ್ತಿದ್ದರು. ಯಾವ ಪ್ರಯೋಗಕ್ಕೂ ಒಳಪಡದ ಆರೋಗ್ಯವಂತ ಇಲಿಗಳಲ್ಲಿಯೇ ವರ್ಣತಂತುಗಳ ಜೋಡಣೆ ತಪ್ಪಿದ ಅಂಡಾಣುಗಳ ಪ್ರಮಾಣ ಶೇಕಡಾ 1-2ರಿಂದ ಹಠಾತ್ತನೆ 40ಕ್ಕೆ ಏರಿತ್ತು. ಕಾರಣವನ್ನು ಅರಸಿದಾಗ ಸಿಕ್ಕಿದ್ದು ಇಲಿಗಳ ಪ್ಲಾಸ್ಟಿಕ್ ಗೂಡು ಮತ್ತು ನೀರಿನ ಬಾಟಲಿಗಳು. ತಪ್ಪು ಮಾರ್ಜಕದಿಂದ ತೊಳೆದುದರಿಂದ ಪಾಲಿಕಾರ್ಬೊನೇಟ್ ಸವೆದು, ಅದರ ಬಿಸ್ಫಿನಾಲ್-ಎ ರಾಸಾಯನಿಕವು ಇಲಿಗಳ ದೇಹವನ್ನು ಸೇರಿತ್ತು. ಈ ವಸ್ತು ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆಂಬುದು 1936ರಲ್ಲಿಯೇ ತಿಳಿದಿತ್ತು.

ಹೆಣ್ಣಿನ ಅಂಡಾಣುಗಳು ಪ್ರಾಯಕ್ಕೆ ಬಂದಾಗ ಹುಟ್ಟುವಂಥವಲ್ಲ. ಅವು ತಾಯಿಯ ಗರ್ಭದಲ್ಲಿಯೇ ರೂಪುಗೊಳ್ಳುತ್ತವೆ. ಐದನೆಯ ತಿಂಗಳ ಸುಮಾರಿಗೆ ಸ್ತ್ರೀಭ್ರೂಣದಲ್ಲಿ 60-70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಉಳಿಯುವುದು 10-20 ಲಕ್ಷ. ವರ್ಣತಂತುಗಳು ಜೋಡಿಯಾಗುವ ಸೂಕ್ಷ್ಮ ಕಾರ್ಯವೂ ಆಗಲೇ ನಡೆಯುತ್ತದೆ.

ಹಂಟ್ ಅವರ ತಂಡ 2007ರಲ್ಲಿ ಗರ್ಭಿಣಿ ಇಲಿಗಳಿಗೆ ಅಲ್ಪ ಪ್ರಮಾಣದ ಬಿಸ್ಫಿನಾಲ್-ಎ ನೀಡಿದಾಗ, ಅವುಗಳ ಹೆಣ್ಣುಭ್ರೂಣಗಳಲ್ಲಿ ಈ ಜೋಡಣೆಯೇ ಕೆಟ್ಟಿತು. ಆ ಭ್ರೂಣಗಳು ಬೆಳೆದು ದೊಡ್ಡವಾದಾಗ ದೋಷಯುಕ್ತ ಅಂಡಾಣುಗಳು ಹೆಚ್ಚಿದ್ದವು. ಅಜ್ಜಿ ಉಂಡದ್ದರ ಫಲ ಮೊಮ್ಮಗುವಿಗೆ ತಲುಪಿದಂತಾಯಿತು. 2012ರಲ್ಲಿ ರೀಸಸ್ ಕೋತಿಗಳ ಭ್ರೂಣಗಳಲ್ಲಿಯೂ ಅಂಥದೇ ಏರುಪೇರುಗಳು ಕಂಡುಬಂದವು. ಮನುಷ್ಯರಲ್ಲಿ ಹೀಗೆಯೇ ಆಗುತ್ತದೆಂದು ಇಷ್ಟರಿಂದಲೇ ಸಿದ್ಧವಾಗದು. ಆದರೆ ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿ ಪುರಾವೆ ಒದಗಿಸಲು ಯಾರಿಂದಲೂ ಆಗದು. ಆದುದರಿಂದಲೇ ಮುನ್ನೆಚ್ಚರಿಕೆ ಅನಿವಾರ್ಯ.

ಕಾನೂನು ಮೊದಲು ಕೈಹಾಕಿದ್ದು ಮಗುವಿನ ಹಾಲಿನ ಬಾಟಲಿಗೆ. ಯುರೋಪ್ ಒಕ್ಕೂಟ 2011ರಲ್ಲಿಯೂ ಭಾರತ 2015ರಲ್ಲಿಯೂ ಅದರಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ತಡೆದವು. ಒಳ್ಳೆಯದೇ. ಆದರೆ ಮಗು ಬಾಟಲಿ ಹಿಡಿಯುವ ಹೊತ್ತಿಗೆ ಅದರ ಅಂಡಾಣುಗಳು ರೂಪುಗೊಂಡು ತಿಂಗಳುಗಳೇ ಕಳೆದಿರುತ್ತವೆ. ರಕ್ಷಣೆ ಬೇಕಾದುದು ಬಸುರಿಯ ಊಟದ ತಟ್ಟೆಗೆ, ಕುಡಿಯುವ ನೀರಿಗೆ. ಆಹಾರ ತಾಗುವ ಇತರ ಸಾಮಗ್ರಿಗಳಿಗೂ ಯುರೋಪ್ ಒಕ್ಕೂಟ ಈ ನಿಷೇಧವನ್ನು ವಿಸ್ತರಿಸಿದ್ದು 2024ರ ಡಿಸೆಂಬರಿನಲ್ಲಿ.

‘ಬಿಪಿಎ ಮುಕ್ತ’ ಎಂಬ ಚೀಟಿಯನ್ನು ನಂಬಿ ಕೂರುವಂತೆಯೂ ಇಲ್ಲ. ಹಂಟ್ ಅವರ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಗೂಡುಗಳು ಸವೆದು ಅಂಡಾಣುಗಳು ಕೆಟ್ಟವು; ಈ ಬಾರಿಯ ಪ್ಲಾಸ್ಟಿಕ್ ಬದಲಿ ಬಗೆಯದು. ಬಿಸ್ಫಿನಾಲ್-ಎಸ್ ಮೊದಲಾದ ಬದಲಿ ವಸ್ತುಗಳಿಂದಲೂ ಅಂಥದೇ ಹಾನಿ ಎಂದು 2018ರಲ್ಲಿ ತಂಡ ವರದಿ ಮಾಡಿತು.

ಮಲೆನಾಡಿನ ಮದುವೆ, ಜಾತ್ರೆಗಳಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲುವ 20 ಲೀಟರಿನ ಕ್ಯಾನುಗಳಲ್ಲಿ ಪಾಲಿಕಾರ್ಬೊನೇಟಿನವೂ ಇರುತ್ತವೆ. ಶಾಖ ಮತ್ತು ಸವಕಳಿ ಎರಡೂ ಅದರ ರಾಸಾಯನಿಕವನ್ನು ಬಿಡಿಸುತ್ತವೆ. ಬಿಸಿ ಪದಾರ್ಥವನ್ನು ಪ್ಲಾಸ್ಟಿಕ್ಕಿಗೆ ಸುರಿಯದಿರುವುದು, ತಾಮ್ರದ ಕೊಡವನ್ನೋ ಸ್ಟೀಲಿನ ಪಾತ್ರೆಯನ್ನೋ ಬಳಸುವುದು ಮನೆಯಲ್ಲಿ ಸಾಧ್ಯ. ಉಳಿದುದು ಸರ್ಕಾರದ ಮತ್ತು ಕಾರ್ಖಾನೆಗಳ ಹೊಣೆ. ಅದನ್ನು ಬಸುರಿಯೊಬ್ಬಳ ತಲೆಗೆ ಕಟ್ಟಲಾಗದು.

ಏಳನೆಯ ತಿಂಗಳಲ್ಲಿ ಸೀಮಂತದ ಹಸಿರು ಬಳೆ ತೊಡಿಸುವಾಗ, ಒಳಗಿರುವುದು ಹೆಣ್ಣುಶಿಶುವಾದರೆ, ಮುಂದಿನ ಪೀಳಿಗೆಯ ಬೀಜವೂ ಅಲ್ಲಿ ಸಿದ್ಧವಾಗಿರುತ್ತದೆ. ಎಚ್ಚರ ಅದಕ್ಕಿಂತ ಮೊದಲೇ ಆರಂಭವಾಗಬೇಕು.