ತಿದ್ದುವುದು ಎಲ್ಲಿಯ ತನಕ?

ಕೆಲಸ ಅಚ್ಚುಕಟ್ಟಾಗಿರಬೇಕೆಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಆ ಮಾತಿಗೆ ನನ್ನ ತಕರಾರೇನೂ ಇಲ್ಲ. ಒತ್ತಕ್ಷರ, ದೀರ್ಘಗಳನ್ನು ಕೆಂಪು ಮಸಿಯಿಂದ ತಿದ್ದಿಯೇ ಅನ್ನ ಸಂಪಾದಿಸುವ ವೃತ್ತಿ ನನ್ನದು. ಆದರೆ ಅಚ್ಚುಕಟ್ಟು ಒಂದು, ಕುಂದೇ ಇರಕೂಡದೆಂಬ ಹಟ ಇನ್ನೊಂದು. ಮೊದಲನೆಯದು ಕೆಲಸ ಮಾಡಿಸುತ್ತದೆ; ಎರಡನೆಯದು ಎಷ್ಟೋ ವೇಳೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಇವೆರಡರ ಅಂತರವನ್ನು ನೀವೂ ಸ್ವಲ್ಪ ಆಲೋಚಿಸಿ ನೋಡಬೇಕೆಂದು ನನ್ನ ಕೋರಿಕೆ.

ಶಾಲೆಯಿಂದಲೇ ಪ್ರಾರಂಭಿಸೋಣ. ಪ್ರತಿ ವರ್ಷವೂ ತರಗತಿಯಲ್ಲಿ ಅಂಥ ಒಬ್ಬಿಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಪ್ರಬಂಧದ ಮೊದಲ ಸಾಲಿನಲ್ಲಿ ಒಂದಕ್ಷರ ತಪ್ಪಿತೋ, ಹಾಳೆಯನ್ನೇ ಹರಿದುಹಾಕುತ್ತಾರೆ. ಹೊಲಿದ ನೋಟುಬುಕ್ಕಿನ ಸಂಗತಿ ನಿಮಗೆ ಗೊತ್ತಷ್ಟೆ: ಮುಂದಿನ ಒಂದು ಹಾಳೆ ಕಿತ್ತರೆ ಅದರ ಜೊತೆಯ ಹಿಂದಿನ ಹಾಳೆಯೂ ಸಡಿಲವಾಗಿ ಬಿದ್ದುಹೋಗುತ್ತದೆ. ದಸರೆಯ ಹೊತ್ತಿಗೆ ಪುಸ್ತಕ ಅರ್ಧ ತೆಳ್ಳಗಾಗಿರುತ್ತದೆ. ಪ್ರಬಂಧ ಮಾತ್ರ ಒಂದೂ ಮುಗಿದಿರುವುದಿಲ್ಲ. ಪರೀಕ್ಷೆಯಲ್ಲಿ ಮೊದಲನೆಯ ಪ್ರಶ್ನೆಗೇ ಮುಕ್ಕಾಲು ಗಂಟೆ ಕಳೆದು, ಕಡೆಯ ನಾಲ್ಕನ್ನು ಮುಟ್ಟದೆ ಎದ್ದು ಬರುವವರೂ ಇಂಥವರೇ. ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ತಪ್ಪಿನ ಭಯ. ಆ ಭಯ ಮಗುವಿನೊಡನೆ ಹುಟ್ಟಿದ್ದೂ ಅಲ್ಲ. ನೂರಕ್ಕೆ 98 ಅಂಕ ತಂದ ಮಗುವನ್ನು ‘ಉಳಿದೆರಡು ಎಲ್ಲಿ ಹೋಯಿತು?’ ಎಂದು ಕೇಳುವ ಮನೆಗಳು ಎಷ್ಟಿಲ್ಲ! ಹಾಗೆ ಕೇಳಿಸಿಕೊಂಡ ಮಗು ಮಾರನೆಯ ದಿನ ಉತ್ತರ ಗೊತ್ತಿದ್ದರೂ ಕೈಯೆತ್ತುವುದಿಲ್ಲ. ಎರಡು ಅಂಕವನ್ನು ಹುಡುಕಹೋಗಿ ಮಗುವಿನ ಬಾಯಿಯ ಮಾತನ್ನೇ ಕಳೆದುಕೊಂಡಂತಾಯಿತು.

ಸಣ್ಣ ಕೆಲಸದ ಮಾತು ಹಾಗಿರಲಿ. ಕುಂದೇ ಇರಬಾರದ ದೊಡ್ಡ ಗ್ರಂಥಗಳ ಗತಿಯೇನು ಎಂದು ನೀವು ಕೇಳಬಹುದು. ನಿಘಂಟಿಗಿಂತ ನಿಖರವಾಗಿರಬೇಕಾದ ಗ್ರಂಥ ಯಾವುದುಂಟು? ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಕನ್ನಡದ ಶಬ್ದಗಳೆಲ್ಲ ಅದರಲ್ಲಿ ಸೇರಿದುವೇ? ಇಲ್ಲ. ಎಲ್ಲವೂ ಸೇರುವ ತನಕ ಕಿಟ್ಟೆಲ್ ಕಾಯುತ್ತ ಕುಳಿತಿದ್ದರೆ ಆ ಕಾಗದಗಳು ಕಟ್ಟಿನಲ್ಲಿಯೇ ಉಳಿಯುತ್ತಿದ್ದುವು. ಏಕೆಂದರೆ ಬದುಕಿರುವ ಭಾಷೆ ದಿನವೂ ಬೆಳೆಯುತ್ತಿರುತ್ತದೆ. ಮುಂದೆ 1968ರಿಂದ ಮದರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಅದೇ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತು, ಎಂಟನೆಯದು 1995ರಲ್ಲಿ. ಎಂಟೂ ಸಿದ್ಧವಾಗಲೆಂದು ಮೊದಲನೆಯದನ್ನು ಕಟ್ಟಿಡಲಿಲ್ಲ. ಒಬ್ಬರು ತಮ್ಮ ಕೈಲಾದಷ್ಟನ್ನು ಮಾಡಿ ಮುಂದಿಟ್ಟದ್ದರಿಂದಲೇ ಇನ್ನೊಬ್ಬರು ಅದನ್ನು ತಿದ್ದಲು ಸಾಧ್ಯವಾಯಿತು. ಇಲ್ಲದ ಗ್ರಂಥವನ್ನು ಯಾವ ವಿದ್ವಾಂಸನೂ ತಿದ್ದಲಾರ. ದೋಷವಿದ್ದರೆ ಬಲ್ಲವರು ತಿದ್ದಿಕೊಳ್ಳಲಿ ಎಂದು ನಮ್ಮ ಪೂರ್ವಕವಿಗಳು ಗ್ರಂಥದ ಮೊದಲಲ್ಲಿ ಬೇಡಿಕೊಳ್ಳುತ್ತಿದ್ದುದು ಬರಿಯ ವಿನಯವಲ್ಲ. ಕೆಲಸ ಒಬ್ಬನಿಂದ ಮುಗಿಯತಕ್ಕದ್ದಲ್ಲವೆಂಬ ತಿಳಿವಳಿಕೆ.

ಮನೆಯ ಬಾಳಿಗೂ ಇದು ಸಲ್ಲುತ್ತದೆ. ಸ್ನೇಹಿತರ ಮನೆಯಲ್ಲಿ ಸಾವಾಗಿದೆ. ತಕ್ಕ ಮಾತು ಹೊಳೆಯಲಿ ಎಂದು ನೀವು ಕಾಗದ ಬರೆಯುವುದನ್ನು ಮುಂದಕ್ಕೆ ಹಾಕುತ್ತೀರಿ. ವೈಕುಂಠ ಸಮಾರಾಧನೆಯೂ ಕಳೆಯುತ್ತದೆ. ಆಮೇಲೆ ಬರೆಯಲು ಸಂಕೋಚ. ದುಃಖದಲ್ಲಿದ್ದವರು ನಿಮ್ಮಿಂದ ಅಲಂಕಾರವನ್ನು ಬಯಸಿರಲಿಲ್ಲ. ತಡವರಿಸಿದ ಎರಡು ಸಾಲು ಸಾಕಾಗಿತ್ತು. ಹೀಗೆಯೇ, ಮನೆ ಒಪ್ಪವಾಗಿಲ್ಲವೆಂದು ನೆಂಟರನ್ನು ಕರೆಯದೆ ವರ್ಷಗಳನ್ನು ಕಳೆಯುವವರುಂಟು. ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿಯಿಡುವ ಹೆಂಗಸರನ್ನು ನೋಡಿರಿ. ಒಂದು ಚುಕ್ಕಿ ಓರೆಯಾದರೆ ಎಳೆಯನ್ನು ಅದರಂತೆ ಬಳಸಿ ತಂದು ಮುಗಿಸುತ್ತಾರೆ. ಮಧ್ಯಾಹ್ನಕ್ಕೆ ಅದು ಕಾಲ್ತುಳಿತಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ, ನಾಳೆ ಮತ್ತೊಂದು.

ಹಾಗೆಂದು ಎಲ್ಲ ಕಡೆಯೂ ಸಡಿಲ ಬಿಡಬಹುದೆಂದು ನಾನು ಹೇಳುತ್ತಿಲ್ಲ. ಔಷಧದ ಅಳತೆಯಲ್ಲಿ, ರೈಲಿನ ಕೈಮರದಲ್ಲಿ, ಪರರ ಹಣದ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಕೂಡದು. ತಪ್ಪಿದರೆ ಇನ್ನೊಬ್ಬರಿಗೆ ಕೇಡಾಗುವ ಕೆಲಸ ಯಾವುದು, ತಪ್ಪಿದರೆ ನಮ್ಮ ಜಂಭಕ್ಕೆ ಮಾತ್ರ ಪೆಟ್ಟಾಗುವ ಕೆಲಸ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಎರಡನೆಯ ಬಗೆಯದಕ್ಕೆ ಒಂದು ಗಡುವು ಹಾಕಿಕೊಳ್ಳಿರಿ. ಮೊದಲು ಕೊನೆಯ ತನಕ ಒಮ್ಮೆ ಮಾಡಿ ಮುಗಿಸಿರಿ. ಆಮೇಲೆ ಒಂದು ಸಲ, ಬೇಕಾದರೆ ಎರಡು ಸಲ ತಿದ್ದಿರಿ. ಗಡುವು ಬಂದೊಡನೆ ಕೈಬಿಡಿರಿ.

ಮಗು ನೋಟುಬುಕ್ಕು ತಂದು ತೋರಿಸಿದಾಗ, ತಪ್ಪಿಗೆ ಗೆರೆಯೆಳೆಯುವ ಮುನ್ನ ಅದು ಏನು ಹೇಳಹೊರಟಿದೆ ಎಂಬುದನ್ನು ಒಮ್ಮೆ ಪೂರ್ತಿಯಾಗಿ ಓದಿರಿ. ಕಾಗುಣಿತವನ್ನು ನಾಳೆಯೂ ತಿದ್ದಬಹುದು. ಬರೆಯುವ ಆಸೆ ಒಮ್ಮೆ ಬತ್ತಿತೆಂದರೆ ಅದನ್ನು ತಿರುಗಿ ಚಿಗುರಿಸುವುದು ನನ್ನಂಥ ಪಂಡಿತರಿಂದಲೂ ಸುಲಭವಾಗಿ ಆಗುವ ಕೆಲಸವಲ್ಲ.